ಮೊದಲ ಪುಟದ ಪೆನ್ಸಿಲ್ ಸಾಲು

ಶ್ರೀಕಾರ್ಯಂ, ತಿರುವನಂತಪುರ
12 ಜನವರಿ 2003

ಎರ್ನಾಕುಲಂ ಕನ್ನಡ ಬಳಗದ ಗ್ರಂಥಪಾಲಕರಿಗೆ,

ಮಾನ್ಯರೇ,

ನಾನು ನಿಮ್ಮ ಗ್ರಂಥಾಲಯದ ಅಂಚೆ ಸದಸ್ಯೆ, ಸಂಖ್ಯೆ 41. ಊರು ಕಾಸರಗೋಡು. ಇಲ್ಲಿ ಒಂದು ಸರಕಾರಿ ಕಚೇರಿಯಲ್ಲಿ, ನಮ್ಮ ಕಡೆಯಿಂದ ಬರುವ ಕನ್ನಡ ಅರ್ಜಿಗಳನ್ನು ಮಲಯಾಳಕ್ಕೆ ಅನುವಾದಿಸುವ ಕೆಲಸ. ಈ ಊರಿನಲ್ಲಿ ಹುಡುಕಿದರೂ ಸಿಗದ ಕನ್ನಡ ಪತ್ತೇದಾರಿ ಕಾದಂಬರಿಗಳನ್ನು ನೀವು ತಿಂಗಳು ತಪ್ಪದೆ ಅಂಚೆಯಲ್ಲಿ ಕಳುಹಿಸುತ್ತೀರಿ. ಅದಕ್ಕೆ ಮೊದಲು ಕೃತಜ್ಞತೆ. ಈಗ ಜಗಳಕ್ಕೆ ಬರುತ್ತೇನೆ.

‘ಶುಕ್ರವಾರದ ವಿಷ’ವನ್ನು ಬಸ್ಸಿನಲ್ಲಿ ಬಿಚ್ಚಿದೆ. ಕಚೇರಿಗೆ ಮುಕ್ಕಾಲು ಗಂಟೆಯ ದಾರಿ, ನನ್ನ ದಿನದಲ್ಲಿ ನನ್ನದೆಂದು ಇರುವುದು ಅಷ್ಟೇ. ಮೊದಲ ಪುಟದಲ್ಲಿ, ಕಾದಂಬರಿಯ ಹೆಸರಿನ ಕೆಳಗೆ, ದುಂಡನೆಯ ದಪ್ಪ ಅಕ್ಷರದಲ್ಲಿ ಪೆನ್ಸಿಲಿನಿಂದ ಯಾರೋ ಬರೆದಿದ್ದಾರೆ: ‘ವಿಷ ಹಾಕಿದ್ದು ಡಾಕ್ಟರಲ್ಲ, ನರ್ಸಿನ ಅಣ್ಣ. ಮಗು ಬದುಕುತ್ತದೆ.’

ಇದು ಮೂರನೆಯ ಸಲ. ಇನ್ನೂರು ಪುಟ ಬರೆಯಲು ಆ ಲೇಖಕ ಪಟ್ಟ ಪಾಡನ್ನು ಈ ಪುಣ್ಯಾತ್ಮ ಒಂದೂವರೆ ಸಾಲಿನಲ್ಲಿ ಹಾಳು ಮಾಡಿದ್ದಾನೆ. ಕೊಲೆಗಾರನಿಗಾದರೂ ಒಂದು ಕಾರಣ ಇರುತ್ತದೆ, ಇವನಿಗೆ ಏನಿದೆ? ದಯವಿಟ್ಟು ಎಲ್ಲ ಪುಸ್ತಕಗಳಿಂದ ಈ ಬರಹವನ್ನು ಅಳಿಸಿಬಿಡಿ. ಸಾಧ್ಯವಾದರೆ ಆ ಮನುಷ್ಯನನ್ನು ಹಿಡಿಯಿರಿ.

ಕಾದಂಬರಿಯ ಬಗ್ಗೆಯೂ ಒಂದು ಮಾತು. ನರ್ಸಿನ ಅಣ್ಣ ನೂರನೇ ಪುಟದವರೆಗೆ ಮುಖವನ್ನೇ ತೋರಿಸುವುದಿಲ್ಲ. ಉಂಡು ಎದ್ದ ಮೇಲೆ ಎಲೆ ಹಾಸಿದ ಹಾಗಾಯಿತು. ಇದು ಓದುಗರಿಗೆ ಮಾಡುವ ಅನ್ಯಾಯ.

ಇತಿ,
ವೇದವತಿ


ಕನ್ನಡ ಬಳಗ, ಕಲೂರ್, ಎರ್ನಾಕುಲಂ
19 ಜನವರಿ 2003

ಶ್ರೀಮತಿ ವೇದವತಿಯವರಿಗೆ,

ನಿಮ್ಮ ದೂರು ನ್ಯಾಯವಾದದ್ದು. ಪುಸ್ತಕಗಳನ್ನು ಸ್ವಚ್ಛಗೊಳಿಸುವ ಕೆಲಸ ಇಂದೇ ಆರಂಭಿಸಿದ್ದೇನೆ. ಭಾನುವಾರ ಮಾತ್ರ ಬಾಗಿಲು ತೆರೆಯುವ ಗ್ರಂಥಾಲಯ ಇದು, ಇರುವವನು ನಾನೊಬ್ಬನೇ. ಆದ್ದರಿಂದ ಸ್ವಲ್ಪ ಸಮಯ ಹಿಡಿದೀತು.

ಪತ್ರವನ್ನು ಟೈಪ್ ಮಾಡಿದ್ದಕ್ಕೆ ತಪ್ಪು ತಿಳಿಯಬೇಡಿ. ನ್ಯಾಯಾಧೀಶರು ಹೇಳಿದ್ದನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡು ಟೈಪ್ ಮಾಡುವುದು ಇಲ್ಲಿನ ಹೈಕೋರ್ಟಿನಲ್ಲಿ ನನ್ನ ಉದ್ಯೋಗ. ಕೈ ಅದಕ್ಕೇ ಒಗ್ಗಿಹೋಗಿದೆ. ಬಳಗದಲ್ಲಿ ಯಾರೋ ದಾನ ಕೊಟ್ಟ ಕನ್ನಡದ ಟೈಪ್‌ರೈಟರ್ ಒಂದಿದೆ, ‘ಳ’ ಅಕ್ಷರ ಮಾತ್ರ ಸ್ವಲ್ಪ ಮೇಲೆ ಹಾರುತ್ತದೆ.

‘ಶುಕ್ರವಾರದ ವಿಷ’ದ ಬಗ್ಗೆ ನಿಮ್ಮ ಮಾತನ್ನು ಪೂರ್ತಿ ಒಪ್ಪಲಾರೆ. ಹನ್ನೆರಡನೇ ಪುಟವನ್ನು ಇನ್ನೊಮ್ಮೆ ನೋಡಿ. ನರ್ಸು ಒಬ್ಬಳೇ ಇರುವ ಮನೆಯಲ್ಲಿ ಎರಡು ಲೋಟ ಚಹಾ ಮಾಡುತ್ತಾಳೆ. ಅಣ್ಣ ಅಲ್ಲೇ ಇದ್ದ. ನಾವು ಲೋಟ ಎಣಿಸಲಿಲ್ಲ, ಅಷ್ಟೇ.

‘ಹನ್ನೊಂದನೇ ಪ್ರಯಾಣಿಕ’ ಕಳುಹಿಸುತ್ತಿದ್ದೇನೆ. ಮೊದಲ ಪುಟವನ್ನು ನಾನೇ ಉಜ್ಜಿ ನೋಡಿದ್ದೇನೆ.

ಇತಿ,
ದಾಮೋದರ


ಶ್ರೀಕಾರ್ಯಂ
2 ಮಾರ್ಚ್ 2003

ದಾಮೋದರ ಅವರಿಗೆ ನಮಸ್ಕಾರಗಳು.

ಲೋಟ ಎಣಿಸಿದೆ. ಎರಡೇ! ಸೋತೆ.

‘ಹನ್ನೊಂದನೇ ಪ್ರಯಾಣಿಕ’ ಓದಿ ಎಷ್ಟು ಖುಷಿಯಾಯಿತೆಂದರೆ, ಬಸ್ಸಿನಿಂದ ಇಳಿಯುವುದನ್ನು ಮರೆತು ಎರಡು ಸ್ಟಾಪ್ ಮುಂದೆ ಹೋಗಿ ನಡೆದು ಬಂದೆ. ನಾನು ಟಿಕೆಟ್ ಪರೀಕ್ಷಕನೇ ಕೊಲೆಗಾರ ಎಂದು ತೊಂಬತ್ತನೇ ಪುಟದಲ್ಲಿ ಆಣೆ ಇಟ್ಟಿದ್ದೆ. ಅವನೇ ಸತ್ತುಹೋದ. ಹೀಗೆ ಮೋಸ ಹೋಗುವುದರಲ್ಲಿ ಒಂದು ಸುಖ ಇದೆ. ಅದನ್ನು ಹಿಂದಿರುಗಿಸಿ ಕೊಟ್ಟವರು ನೀವು, ತುಂಬ ಉಪಕಾರ. ಒಂದು ತಕರಾರು ಮಾತ್ರ: ಆ ಪತ್ತೇದಾರ ಏಪ್ರಿಲ್ ತಿಂಗಳ ಸೆಕೆಯಲ್ಲಿ ಉಣ್ಣೆಯ ಕೋಟು ಹಾಕಿಕೊಂಡು ರೈಲಿನಲ್ಲಿ ಹೇಗೆ ಕೂತಿದ್ದ?

ನನಗೆ ಒಂಬತ್ತು ವರ್ಷದ ಮಗಳಿದ್ದಾಳೆ, ಸಮೀಕ್ಷಾ. ಅವಳಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು. ನಾನು ಕನ್ನಡದಲ್ಲಿ ಮಾತಾಡಿದರೆ ಅವಳ ಉತ್ತರ ಮಲಯಾಳದಲ್ಲಿ. ನಾನು ಪುಸ್ತಕ ಹಿಡಿದು ಕೂತರೆ ಹತ್ತಿರ ಬಂದು, “ಆರಾ ಕೊನ್ನದ್?” ಎಂದು ಕೇಳುತ್ತಾಳೆ, ಕೊಂದದ್ದು ಯಾರು ಅಂತ. “ನೀನೇ ಓದಿ ತಿಳ್ಕೊ” ಅಂದರೆ ಓಡಿಹೋಗುತ್ತಾಳೆ. ಅಕ್ಷರ ಕಲಿಸಿದ್ದೇನೆ, ಪುಸ್ತಕ ಮಾತ್ರ ಮುಟ್ಟುವುದಿಲ್ಲ.

ಈಗ ನಮ್ಮ ಪೆನ್ಸಿಲ್ ಕಳ್ಳನ ವಿಷಯ. ನೀವು ಪುಸ್ತಕದ ಕೊನೆಯ ಪುಟದಲ್ಲಿ ತಾರೀಕು ಚೀಟಿ ಅಂಟಿಸುತ್ತೀರಲ್ಲ, ಅದರಲ್ಲಿ ಓದಿದವರ ಸದಸ್ಯ ಸಂಖ್ಯೆ ಇರುತ್ತದೆ. ಹಾಳಾದ ಮೂರು ಪುಸ್ತಕಗಳ ಸಂಖ್ಯೆಗಳನ್ನೂ ನಾನು ಬರೆದಿಟ್ಟುಕೊಂಡಿದ್ದೆ. ಮೂರರಲ್ಲೂ ಇರುವುದು ಒಂದೇ ಸಂಖ್ಯೆ, 14. ಯಾರು ಸ್ವಾಮೀ ಈ ಹದಿನಾಲ್ಕು?

ಒಂದು ಮಾತ್ರ ನನಗೆ ಬಗೆಹರಿಯುವುದಿಲ್ಲ. ಇವನು ಕೊಂದವನ ಹೆಸರು ಬರೆದು ಸುಮ್ಮನಾಗುವುದಿಲ್ಲ, ಯಾರು ಬದುಕುತ್ತಾರೆ ಅಂತಲೂ ಬರೆಯುತ್ತಾನೆ. ‘ಮಗು ಬದುಕುತ್ತದೆ.’ ‘ಅಜ್ಜಿಗೆ ಏನೂ ಆಗುವುದಿಲ್ಲ.’ ಕಿಡಿಗೇಡಿಗೆ ಅಜ್ಜಿಯ ಯೋಗಕ್ಷೇಮ ಯಾಕೆ ಬೇಕು?

ಇತಿ,
ವೇದವತಿ


ಕಲೂರ್
9 ಮಾರ್ಚ್ 2003

ವೇದವತಿಯವರಿಗೆ,

ಹದಿನಾಲ್ಕನೇ ಸದಸ್ಯರು ಇಸ್ಮಾಯಿಲ್. ಉಪ್ಪಳದವರು, ಇಲ್ಲಿ ಮಾರ್ಕೆಟ್ಟಿನ ಹತ್ತಿರ ಕೊಡೆ ಅಂಗಡಿ ಇಟ್ಟಿದ್ದಾರೆ. ಕನ್ನಡ ಶಾಲೆಯಲ್ಲಿ ಓದಿದವರು, ನಮ್ಮಲ್ಲಿರುವ ಎಲ್ಲ ಪುಸ್ತಕಗಳನ್ನೂ ಎರಡೆರಡು ಸಲ ಓದಿದ್ದಾರೆ. ಆದ್ದರಿಂದ ಅವರ ಸಂಖ್ಯೆ ಎಲ್ಲ ಚೀಟಿಯಲ್ಲೂ ಇರುತ್ತದೆ. ಅಷ್ಟರಿಂದಲೇ ಅಪರಾಧ ಸಾಬೀತಾಗುವುದಿಲ್ಲ. ಕೋರ್ಟಿನಲ್ಲಿ ಮೂವತ್ತು ವರ್ಷ ಕೂತವನ ಮಾತು ಇದು, ಆತುರ ಬೇಡ.

ಪ್ರತಿ ಭಾನುವಾರ ಎರಡೋ ಮೂರೋ ಪುಸ್ತಕ ಉಜ್ಜುತ್ತೇನೆ. ಮೇಜಿನ ಮೇಲೆ ರಬ್ಬರಿನ ಪುಡಿ ಬೀಳುತ್ತದೆ. ನಿಧಾನವಾಗುತ್ತಿದೆ, ಕ್ಷಮಿಸಿ.

ಉಣ್ಣೆ ಕೋಟಿನ ಬಗ್ಗೆ ನೀವು ಹೇಳಿದ್ದಕ್ಕೆ ಬಹಳ ನಕ್ಕೆ. ನಗದೆ ಸ್ವಲ್ಪ ಕಾಲವಾಗಿತ್ತು.

ಇತಿ,
ದಾಮೋದರ


ಶ್ರೀಕಾರ್ಯಂ
22 ಜೂನ್ 2003

ದಾಮೋದರಣ್ಣನಿಗೆ ನಮಸ್ಕಾರಗಳು.

ಅಣ್ಣ ಎಂದು ಕರೆಯಬಹುದಲ್ಲ? ನಾಲ್ಕೈದು ಕೊಲೆಗಳನ್ನು ಒಟ್ಟಿಗೆ ಬಗೆಹರಿಸಿದ ಮೇಲೆ ‘ಅವರಿಗೆ’ ಎಂದು ಬರೆಯಲು ಕೈ ಬರುವುದಿಲ್ಲ.

ಕಳ್ಳ ಸಿಕ್ಕಿದ! ನೀವು ಬೇಡ ಅಂದರೂ ನಾನು ಬಳಗದ ವಿಳಾಸಕ್ಕೆ ಇಸ್ಮಾಯಿಲ್ ಅವರ ಹೆಸರಿನಲ್ಲಿ ಕಾಗದ ಹಾಕಿದೆ. ಸ್ವಲ್ಪ ಖಾರವಾಗಿಯೇ ಬರೆದಿದ್ದೆ ಅನ್ನಿ. ಅವರಿಂದ ಕಾರ್ಡು ಬಂತು: ‘ಅಕ್ಕ, ತಪ್ಪಾಯ್ತು. ನನ್ನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುದಿಲ್ಲ. ಇನ್ನು ಬರೆಯುದಿಲ್ಲ.’ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಕಾರ್ಡನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ ಕಳುಹಿಸುವಂತಿದ್ದರೆ ನಿಮ್ಮ ಕೋರ್ಟಿನಲ್ಲೇ ಸಾಕ್ಷಿಯಾಗಿ ಹಾಜರುಪಡಿಸುತ್ತಿದ್ದೆ.

ಕೋರ್ಟು ಎಂದಾಗ ಒಂದು ವಿಷಯ. ಹೇಳುವುದೋ ಬೇಡವೋ ಎಂದು ತಿಂಗಳಿಂದ ಯೋಚಿಸುತ್ತಿದ್ದೆ. ನನ್ನ ಕೆಲಸ ಖಾಯಂ ಅಲ್ಲ. ಆರು ವರ್ಷ ದುಡಿಸಿಕೊಂಡ ಮೇಲೆ, ಕನ್ನಡ ಅನುವಾದಕರ ಹುದ್ದೆಯೇ ಬೇಡ ಎಂದು ಕಳೆದ ವರ್ಷ ಆದೇಶ ಬಂತು. ತಡೆಯಾಜ್ಞೆ ತಂದು ಹೇಗೋ ಕುಳಿತಿದ್ದೇನೆ. ನನ್ನ ಮೇಜಿನ ಮೇಲೆ ಈಗಲೂ ದಿನಕ್ಕೆ ಹತ್ತು ಕನ್ನಡ ಅರ್ಜಿ ಬರುತ್ತದೆ, ಹುದ್ದೆ ಮಾತ್ರ ಬೇಡವಂತೆ. ವಾದ ಮುಗಿದು ತೀರ್ಪು ಕಾದಿರಿಸಿದ್ದಾರೆ. ಅದು ನಿಮ್ಮ ಕೋರ್ಟಿನಲ್ಲೇ, ಬಹುಶಃ ನಿಮ್ಮ ನ್ಯಾಯಾಧೀಶರಲ್ಲೇ.

ಈ ಕೆಲಸ ಹೋದರೆ ನನಗೂ ಸಮೀಕ್ಷಾಳಿಗೂ ಬೇರೆ ಆಧಾರ ಇಲ್ಲ. ಮೂರು ವಾರದಿಂದ ಒಂದು ಪುಟ ಓದಿಲ್ಲ, ಅಕ್ಷರದ ಮೇಲೆ ಕಣ್ಣು ನಿಲ್ಲುವುದಿಲ್ಲ. ಯಾವ ಕಡೆಗೆ ಎಂದು ಒಂದೇ ಒಂದು ಸಾಲು ತಿಳಿಸಲು ಆಗುತ್ತದೆಯೇ ಅಣ್ಣ? ಸೋತರೂ ಪರವಾಗಿಲ್ಲ. ಕಾಯುವುದು ಮಾತ್ರ ನನ್ನಿಂದ ಆಗುತ್ತಿಲ್ಲ.

ನಿಮ್ಮ ತಂಗಿ,
ವೇದವತಿ


ಎರ್ನಾಕುಲಂ
25 ಜೂನ್ 2003

ಶ್ರೀಮತಿ ವೇದವತಿಯವರಿಗೆ,

ಆ ವಿಷಯವನ್ನು ನೀವು ನನಗೆ ಬರೆಯಬಾರದಿತ್ತು. ತೀರ್ಪು ಬರುವವರೆಗೆ ನಮ್ಮ ನಡುವೆ ಪತ್ರ ಬೇಡ. ಪುಸ್ತಕಗಳನ್ನು ಇಸ್ಮಾಯಿಲ್ ಕಳುಹಿಸುತ್ತಾರೆ.

ದಾಮೋದರ


ಶ್ರೀಕಾರ್ಯಂ
13 ಜುಲೈ 2003

ದಾಮೋದರಣ್ಣನಿಗೆ,

ಬರೆಯಬೇಡಿ ಎಂದಿದ್ದೀರಿ. ಇದಕ್ಕೆ ಉತ್ತರ ಬೇಡ. ಕೇಸಿನ ಬಗ್ಗೆ ಒಂದು ಅಕ್ಷರವೂ ಇಲ್ಲ.

ನಿಮ್ಮ ಮೂರು ಸಾಲು ಓದಿ ಮೊದಲು ಸಿಟ್ಟು ಬಂತು. ಆಮೇಲೆ, ಸೋತಿದ್ದೇನೆ, ಅದಕ್ಕೇ ಇಷ್ಟು ಚುಟುಕಾಗಿ ಬರೆದಿದ್ದಾರೆ ಎಂದುಕೊಂಡೆ. ಅದರ ನಂತರ, ಇಸ್ಮಾಯಿಲರಿಗೆ ಖಾರವಾಗಿ ಬರೆದದ್ದಕ್ಕೆ ನಿಮಗೆ ಬೇಸರವಾಗಿರಬೇಕು ಎಂದು ಹೊಳೆಯಿತು. ಟೈಪ್ ಮಾಡಿದ ಪತ್ರದಲ್ಲಿ ಮುಖ ಕಾಣುವುದಿಲ್ಲ ಅಣ್ಣ. ಯಾವುದಕ್ಕಾದರೂ ಕ್ಷಮಿಸಿ.

ಇಸ್ಮಾಯಿಲ್ ‘ಲೈಟ್‌ಹೌಸ್ ಬಂಗಲೆಯ ಅಡುಗೆಯವ’ ಕಳುಹಿಸಿದ್ದಾರೆ. ಹದಿನೈದನೇ ಪುಟದಲ್ಲಿ ಆ ಮನೆಯ ನಾಯಿ ಕಾಣೆಯಾಗುತ್ತದೆ. ಬೇರೆ ಸಮಯದಲ್ಲಾದರೆ ನನಗೆ ಅದು ಹಬ್ಬ. ಈ ಸಲ ಎದೆ ಹೊಡೆದುಕೊಳ್ಳಲು ಶುರುವಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಹುಟ್ಟಿದಂದಿನಿಂದ ಮೊದಲ ಸಲ ನಾನು ಕೊನೆಯ ಅಧ್ಯಾಯ ನೋಡೋಣವೆಂದು ಪುಟ ತಿರುಗಿಸಿದೆ. ಆಗ ಪುಸ್ತಕ ಕೈಜಾರಿ ಮೊದಲ ಪುಟ ತೆರೆದುಕೊಂಡಿತು. ಅಲ್ಲಿ ರಬ್ಬರು ಉಜ್ಜಿದ ಕಲೆ.

ಒತ್ತಿ ಬರೆದ ಅಕ್ಷರ, ಅಳಿಸಿದರೂ ಕಾಗದದಲ್ಲಿ ಗೆರೆ ಉಳಿದಿತ್ತು. ಕಾದಂಬರಿಗಳಲ್ಲಿ ಪತ್ತೇದಾರರು ಮಾಡುವ ಹಾಗೆ ಪೆನ್ಸಿಲನ್ನು ಓರೆಯಾಗಿ ಹಿಡಿದು ಮೆಲ್ಲಗೆ ತೀಡಿದೆ. ಸಮೀಕ್ಷಾ ಬಂದು, “ಞಾನ್ ಚೆಯ್ಯಾಂ,” ನಾನು ಮಾಡ್ತೇನೆ ಎಂದು ಪೆನ್ಸಿಲ್ ಕಸಿದುಕೊಂಡಳು. ಕಪ್ಪಿನ ನಡುವೆ ಬಿಳಿ ಅಕ್ಷರ ಒಂದೊಂದಾಗಿ ಎದ್ದು ಬಂತು. ಅವಳೇ ಕೂಡಿಸಿ ಕೂಡಿಸಿ ಓದಿದಳು: ‘ಹೆದರಬೇಡ. ನಾಯಿ ತಿರುಗಿ ಬರುತ್ತದೆ.’

ನನ್ನ ಮಗಳು ತಾನಾಗಿ ಓದಿದ ಮೊದಲ ಕನ್ನಡ ವಾಕ್ಯ ಅದು. ಅವಳು ಓದಿ ಮುಗಿಸುವಾಗ ನಾನು ಅಳುತ್ತಿದ್ದೆ. ಆ ಮೇಲೆ ಪುಸ್ತಕವನ್ನು ನೆಮ್ಮದಿಯಾಗಿ ಓದಿದೆ. ಎರಡು ದಿನ ಬೇರೆ ಏನೂ ನೆನಪಾಗಲಿಲ್ಲ.

ಇದು ಕಿಡಿಗೇಡಿ ಬರೆದದ್ದಲ್ಲ. ಕಿಡಿಗೇಡಿ ‘ಹೆದರಬೇಡ’ ಎನ್ನುವುದಿಲ್ಲ. ಯಾರೋ ಯಾರಿಗೋ ಬರೆದದ್ದು ಇದು. ಅಳಿಸಿ ಎಂದು ಹಟ ಹಿಡಿದವಳು ನಾನು. ದಯವಿಟ್ಟು ಇನ್ನು ಅಳಿಸಬೇಡಿ.

ವೇದವತಿ


ಎರ್ನಾಕುಲಂ
10 ಆಗಸ್ಟ್ 2003

ತಂಗಿ ವೇದವತಿಗೆ,

ತೀರ್ಪು ಶುಕ್ರವಾರ ಬಂತು. ನಿಮ್ಮ ವಕೀಲರು ಫೋನು ಮಾಡಿರುತ್ತಾರೆ. ಹುದ್ದೆ ಉಳಿಯಿತು, ಖಾಯಂ ಮಾಡಲೂ ಹೇಳಿದ್ದಾರೆ. ತೆರೆದ ಕೋರ್ಟಿನಲ್ಲಿ ಓದಿದಾಗ ನಾನು ಹಿಂದಿನ ಬೆಂಚಿನ ಬದಿಯಲ್ಲಿ ನಿಂತು, ಎಲ್ಲರಂತೆ ಅಲ್ಲೇ ಮೊದಲ ಸಲ ಕೇಳಿದೆ.

ಇದು ನನ್ನ ಕೈಬರಹ. ದುಂಡಗಿನ ದಪ್ಪ ಅಕ್ಷರ. ನೋಡಿದ ಕೂಡಲೇ ನಿಮಗೆ ಗೊತ್ತಾಗಿರಬೇಕು. ಇಷ್ಟು ದಿನ ಟೈಪ್ ಮಾಡಿದ್ದು ಅದಕ್ಕೇ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು ತಂಗಿ. ಹೆಗಲು ಮುಟ್ಟಿ ನೋಡಿಕೊಳ್ಳಬೇಕಾಗಿದ್ದವನು ನಾನು.

ನನ್ನ ಹೆಂಡತಿ ಪ್ರೇಮಳಿಗೆ ಹೃದಯದ ತೊಂದರೆ ಇತ್ತು. ಗಾಬರಿಯಾಗುವಂಥದ್ದು ಏನೂ ಬೇಡ ಎಂದು ಡಾಕ್ಟರು ಹೇಳಿದ್ದರು. ಅವಳಿಗೋ ಪತ್ತೇದಾರಿ ಕಾದಂಬರಿ ಇಲ್ಲದೆ ಊಟ ಸೇರುತ್ತಿರಲಿಲ್ಲ. ನಾನು ಪುಸ್ತಕ ತರುವುದನ್ನು ನಿಲ್ಲಿಸಿದಾಗ ಅವಳೇ ಉಪಾಯ ಹೇಳಿದಳು: “ನೀವು ಮೊದಲು ಓದಿ. ಯಾರು ಸಾಯ್ತಾರೆ, ಯಾರು ಉಳೀತಾರೆ ಅಂತ ಮೊದಲ ಪುಟದಲ್ಲಿ ಬರ್ದಿಡಿ. ನಡುವಲ್ಲಿ ಹೆದರಿಕೆ ಆದ್ರೆ ತಿರುಗಿಸಿ ನೋಡ್ಲಿಕ್ಕೆ ಉಂಟಲ್ಲ.” ಹಾಗೆ ಏಳು ವರ್ಷ ಬರೆದೆ. ಅವಳು ಕನ್ನಡಕ ಹುಡುಕುವ ಹಾಗಾಗಬಾರದೆಂದು ದಪ್ಪಗೆ ಬರೆಯುತ್ತಿದ್ದೆ. ಗ್ರಂಥಪಾಲಕನ ಮನೆಯವರಿಗೆ ಸಂಖ್ಯೆ ಇಲ್ಲ, ಆದ್ದರಿಂದ ಚೀಟಿಯಲ್ಲಿ ಅವಳಿಲ್ಲ. ಎರಡು ವರ್ಷದ ಹಿಂದೆ ಹೋದಳು.

ನಿಮ್ಮ ದೂರು ಬಂದಾಗ ಹೇಳಲು ಬಾಯಿ ಬರಲಿಲ್ಲ. ಸಾರ್ವಜನಿಕರ ಪುಸ್ತಕದಲ್ಲಿ ಗೀಚಿದ್ದು ತಪ್ಪೇ ತಾನೇ? ನೂರ ಹದಿನಾರು ಪುಸ್ತಕಗಳಲ್ಲಿ ಅರವತ್ತೆರಡು ಉಜ್ಜಿದೆ. ‘ಹೆದರಬೇಡ’ ಎಂದು ಬರೆದ ಕೈಯಲ್ಲೇ ಅದನ್ನು ಅಳಿಸುವುದು ಸುಲಭವಿರಲಿಲ್ಲ. ನಿಮ್ಮ ಮೇಲೆ ಸಿಟ್ಟಿರಲಿಲ್ಲ. ಪುಸ್ತಕದ ಬಗ್ಗೆ ನನ್ನ ಜೊತೆ ಜಗಳವಾಡಲು ಮತ್ತೆ ಒಬ್ಬರು ಸಿಕ್ಕಿದ್ದರು, ಅದನ್ನು ಕಳೆದುಕೊಳ್ಳುವ ಭಯ ಇತ್ತು.

ಇಸ್ಮಾಯಿಲ್ ನಿರಪರಾಧಿ. ನಿಮ್ಮ ಕಾಗದ ಹಿಡಿದು ನನ್ನ ಹತ್ತಿರ ಬಂದ. “ದಾಮೋದರಣ್ಣ, ಇದು ನನ್ನ ಹೆಸರಲ್ಲೇ ಇರ್ಲಿ. ನಾನು ಕೊಡೆ ಮಾರುವವ, ನನಗೆ ಯಾರು ಎಂತ ಹೇಳ್ತಾರೆ? ನೀವು ಕೋರ್ಟಲ್ಲಿ ಇರುವವರು,” ಎಂದ. ಬೇಡ ಅನ್ನುವ ಮೊದಲೇ ಕಾರ್ಡು ಡಬ್ಬಿಗೆ ಹಾಕಿ ಆಗಿತ್ತು. ‘ಕಳ್ಳ ಸಿಕ್ಕಿದ’ ಎಂಬ ನಿಮ್ಮ ಪತ್ರ ಬಂದ ಮೇಲೂ ಬಾಯಿ ಬಿಡಲಿಲ್ಲ, ಅದು ನನ್ನ ಎರಡನೇ ತಪ್ಪು.

ಇನ್ನು ಆ ಮೂರು ಸಾಲಿನ ಪತ್ರ. ನಿಮ್ಮ ಫೈಲು ನಮ್ಮ ನ್ಯಾಯಾಧೀಶರದ್ದೇ ಆಗಿತ್ತು. ತೀರ್ಪನ್ನು ಅವರು ನನಗೇ ಹೇಳಿ ಬರೆಸಬೇಕಿತ್ತು, ಓದುವ ಎಷ್ಟೋ ದಿನ ಮೊದಲೇ ನನಗೆ ಗೊತ್ತಾಗುತ್ತಿತ್ತು. ನಿಮ್ಮ ಪತ್ರ ಬಂದ ಮಾರನೇ ದಿನ ಅವರ ಕೋಣೆಗೆ ಹೋಗಿ, ಈ ಅರ್ಜಿದಾರರು ನನಗೆ ತಂಗಿಯ ಹಾಗೆ, ಈ ಫೈಲನ್ನು ಬೇರೆಯವರಿಗೆ ಕೊಡಿ ಎಂದೆ. “ಹೇಳುವವರಲ್ಲ ನೀವು ಅಂತ ನನಗೆ ಗೊತ್ತಲ್ಲ ದಾಮೋದರ,” ಎಂದರು. “ಗೊತ್ತಾದರೆ ನಾನು ಬರೆದುಬಿಡುತ್ತೇನೆ ಸಾರ್, ನನ್ನ ಕೈ ನನಗೆ ಗೊತ್ತು,” ಎಂದೆ. ಅವರು ಅಂದೇ ಫೈಲನ್ನು ಇನ್ನೊಬ್ಬ ಶೀಘ್ರಲಿಪಿಗಾರನಿಗೆ ಕೊಟ್ಟರು.

ಏಳು ವರ್ಷ ಕೊನೆಯನ್ನು ಮೊದಲೇ ಹೇಳಿದವನು, ನಿಮಗೆ ಹೇಳಬೇಕಾಗಿದ್ದಾಗ ಹೇಳದ ಹಾಗೆ ನನ್ನನ್ನು ನಾನೇ ಕಟ್ಟಿಹಾಕಿಕೊಂಡೆ. ನಾನೂ ನಿಮ್ಮಷ್ಟೇ ಕಾದೆ ತಂಗಿ. ನಿಮ್ಮ ಜುಲೈ ಪತ್ರವನ್ನು ಬಿಚ್ಚದೆ ಇಟ್ಟುಕೊಂಡಿದ್ದೆ, ಶುಕ್ರವಾರ ಸಂಜೆ ಓದಿದೆ. ಅಳಿಸಿದ್ದನ್ನು ನಿಮ್ಮ ಮಗಳು ಓದಿದ್ದಾಳೆ. ಇದಕ್ಕೆ ನಾನು ಏನು ಕೊಡಲಿ?

ನಿಮ್ಮ ಅಣ್ಣ,
ದಾಮೋದರ


ಶ್ರೀಕಾರ್ಯಂ
24 ಆಗಸ್ಟ್ 2003

ದಾಮೋದರಣ್ಣನಿಗೆ ಸಾಷ್ಟಾಂಗ ನಮಸ್ಕಾರಗಳು.

ವಕೀಲರ ಫೋನು ಬಂದಾಗ ಅಳಲಿಲ್ಲ. ನಿಮ್ಮ ಪತ್ರದ ವಿಳಾಸದ ಅಕ್ಷರ ನೋಡಿದಾಗ ಅತ್ತೆ. ಲಕೋಟೆ ಒಡೆಯುವ ಮೊದಲೇ ಕಳ್ಳ ಯಾರೆಂದು ಗೊತ್ತಾಗಿಹೋಗಿತ್ತು.

ಮೊದಲು ಇಸ್ಮಾಯಿಲಣ್ಣನಿಗೆ ಕ್ಷಮೆ ಕೇಳಿ ಕಾಗದ ಹಾಕಿದೆ. ‘ಅಕ್ಕ, ಹಾಗಾದರೆ ಮುಂದಿನ ಮಳೆಗೆ ಕೊಡೆ ನನ್ನಲ್ಲೇ ತೆಗೊಳ್ಳಿ’ ಎಂದು ಕಾರ್ಡು ಬಂದಿದೆ.

ಉಳಿದ ಐವತ್ತನಾಲ್ಕು ಪುಸ್ತಕಗಳನ್ನು ಮುಟ್ಟಬೇಡಿ. ಮೊದಲ ಪುಟದ ಮೇಲೆ ಒಂದು ಬಿಳಿ ಕಾಗದ ಸಿಕ್ಕಿಸಿ ಕಳುಹಿಸಿ. ನನ್ನಂಥ ಹಟಮಾರಿಗಳು ಹಾಗೇ ಓದಲಿ, ಹೆದರಿದವರು ತೆಗೆದು ನೋಡಲಿ. ಅಳಿಸಿದ ಅರವತ್ತೆರಡನ್ನು ಸಮೀಕ್ಷಾ ತೀಡಿ ಕೊಡುತ್ತಾಳಂತೆ, ತಿಂಗಳಿಗೆ ಎರಡರಂತೆ ಕಳುಹಿಸಬೇಕಂತೆ. “ಮಾಮನೋಡ್ ಪರಯಣಂ,” ಮಾವನಿಗೆ ಹೇಳಬೇಕು ಎಂದು ನನ್ನ ಬೆನ್ನ ಹಿಂದೆ ನಿಂತಿದ್ದಾಳೆ.

ಇನ್ನೊಂದು ಇದೆ ಅಣ್ಣ. ಕೂತುಕೊಂಡು ಓದಿ.

‘ಲೈಟ್‌ಹೌಸ್ ಬಂಗಲೆ’ಯನ್ನು ಹಿಂದೆ ಕಳುಹಿಸಲು ತೆಗೆದಾಗ, ಮಳೆಗಾಲದ ತೇವಕ್ಕೆ ಕೊನೆಯ ಪುಟದ ತಾರೀಕು ಚೀಟಿ ಸುರುಳಿಯಾಗಿ ಮೇಲೆದ್ದಿತ್ತು. ನೀವು ಚೀಟಿಗಳಿಗೆ ಮೇಲಂಚಿಗೆ ಮಾತ್ರ ಅಂಟು ಹಾಕುತ್ತೀರಿ. ಸೀಲು ಒತ್ತುತ್ತೀರಿ, ಎತ್ತಿ ನೋಡುವುದಿಲ್ಲ. ಸರಿಪಡಿಸೋಣವೆಂದು ಎತ್ತಿದೆ. ಅಡಿಯಲ್ಲಿ ಪೆನ್ಸಿಲಿನಲ್ಲಿ, ಸಣ್ಣ ಅಕ್ಷರದಲ್ಲಿ, ನಿಮ್ಮದಲ್ಲದ ಕೈಯಲ್ಲಿ ಹೀಗಿದೆ:

‘ಈಗ ನನಗೆ ಹೆದರಿಕೆ ಆಗುವುದಿಲ್ಲ. ಅಡುಗೆಯವನೇ ಅಂತ ಮೂವತ್ತನೇ ಪುಟಕ್ಕೇ ಗೊತ್ತಾಯಿತು. ಇವರಿಗೆ ಹೇಳಿಲ್ಲ. ಹೇಳಿದರೆ ಮೊದಲ ಪುಟದಲ್ಲಿ ಬರೆಯುವುದನ್ನು ನಿಲ್ಲಿಸಿಬಿಡುತ್ತಾರೆ. ಪ್ರೇಮ.’

ಪುಸ್ತಕ ಈ ಪತ್ರದ ಜೊತೆಗೇ ಇದೆ. ಚೀಟಿಯನ್ನು ಮೊದಲಿದ್ದ ಹಾಗೇ ಬಿಟ್ಟಿದ್ದೇನೆ.

ನಿಮ್ಮ ತಂಗಿ,
ವೇದವತಿ


ಕಲೂರ್
31 ಆಗಸ್ಟ್ 2003

ತಂಗಿ ವೇದವತಿಗೆ,

ಚೀಟಿ ಎತ್ತಿ ನೋಡಿದೆ. ಅವಳದೇ ಅಕ್ಷರ. ಇಸ್ಮಾಯಿಲ್ ಪಕ್ಕದಲ್ಲೇ ಇದ್ದ, ಓದಿ ಹೇಳು ಎಂದು ಅವನ ಕೈಗೂ ಕೊಟ್ಟೆ. ಅವನು ಓದಿ ಮುಗಿಸಿ ಹೊರಗೆ ಹೋಗಿ ನಿಂತ.

ಕಪಾಟಿನಲ್ಲಿ ಇನ್ನೂ ನೂರ ಹದಿನೈದು ಪುಸ್ತಕಗಳಿವೆ. ಎಲ್ಲದರಲ್ಲೂ ಇದೆಯೋ, ಒಂದರಲ್ಲೂ ಇಲ್ಲವೋ, ಗೊತ್ತಿಲ್ಲ. ಇಂದೇ ಎಲ್ಲವನ್ನೂ ಎತ್ತಿ ನೋಡಿಬಿಡಿ ಎನ್ನುತ್ತಾನೆ ಇಸ್ಮಾಯಿಲ್. ನಾನು ಒಪ್ಪಲಿಲ್ಲ. ಭಾನುವಾರಕ್ಕೆ ಒಂದೇ ಚೀಟಿ ಎಂದು ತೀರ್ಮಾನಿಸಿದ್ದೇನೆ. ಮುಂದಿನ ವರ್ಷ ನಿವೃತ್ತಿಯಾದ ಮೇಲೂ ಕಾಯಲು ಏನಾದರೂ ಇರಬೇಕಲ್ಲ.

ಸಮೀಕ್ಷಾಳಿಗೆ ಎರಡು ಪುಸ್ತಕ ಇದರ ಜೊತೆ ಕಳುಹಿಸುತ್ತಿದ್ದೇನೆ. ಮೊದಲ ಪುಟ ಅವಳು ತೀಡಲಿ. ಕೊನೆಯ ಪುಟದ ಚೀಟಿಯನ್ನು ಬೇಕಿದ್ದರೆ ನೀವೂ ಎತ್ತಿ ನೋಡಿ. ಆದರೆ ಅಲ್ಲಿ ಏನಿದೆ ಎಂದು ನನಗೆ ಮೊದಲೇ ಹೇಳಬೇಡಿ.

ನಿಮ್ಮ ಅಣ್ಣ,
ದಾಮೋದರ